ಈರಯ್ಯನವರ ಬಾವಿಯ ನೀರು

ಅರ್ಧ ತಂಬಿಗೆ ನೀರು ಕುಡಿದ ಮೇಲೆ, ಅದು ಯಾವ ಬಾವಿಯದು ಎಂಬುದು ನನಗೆ ಹೊಳೆಯಿತು.

ತಂಬಿಗೆಯನ್ನು ಕೆಳಗಿಟ್ಟೆ. ಹಿತ್ತಲ ಬಾಗಿಲು ತೆರೆದೇ ಇತ್ತು. ಆಚೆ ಕಲ್ಲುಕಟ್ಟೆ, ರಾಟೆ, ಸುತ್ತಿಟ್ಟ ಹಗ್ಗ, ತೊಳೆದು ಬೋರಲು ಹಾಕಿದ ಹಿತ್ತಾಳೆ ಕೊಡ. ಕಟ್ಟೆಯ ಪಕ್ಕದಲ್ಲಿ ಗಡಿಗೆಪ್ಪನ ಹೆಣ ಬಿದ್ದಿದ್ದ ಜಾಗ. ಅಲ್ಲಿ ಈಗ ಹಳೆಯ ಸೀರೆ ಹಾಸಿ ಹಪ್ಪಳ ಒಣಗಲು ಹಾಕಿದ್ದರು.

"ಯಾಕ ಯವ್ವಾ, ನೀರು ಸೇರಲಿಲ್ಲೇನು? ಮಾನ್ವಿ ಊರಾಗ ಇಷ್ಟು ಸಿಹಿನೀರು ಇನ್ನೊಂದು ಮನ್ಯಾಗ ಇಲ್ಲ," ಎಂದರು ನೀಲಗಂಗಮ್ಮ.

ಅಕ್ಕಿ ಗಿರಣಿಯ ಮಾಲೀಕ ಈರಯ್ಯನವರ ಅಕ್ಕ ಅವರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಅಲ್ಲಿಯ ಅಡಿಗೆಮನೆಯನ್ನು ಆಳುತ್ತಿದ್ದರು.

ಇದೇ ಹಿತ್ತಲಲ್ಲಿ, ಎಳ್ಳಮಾವಾಸ್ಯೆಯ ಹಗಲು, ಮನೆಮಂದಿಯೆಲ್ಲ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋಗಿದ್ದಾಗ ಗಿರಣಿಯ ಗುಮಾಸ್ತ ಗಡಿಗೆಪ್ಪನ ತಲೆ ಒಡೆದಿತ್ತು. ಗಿರಣಿಯ ಹಮಾಲ ಸುಂಕಪ್ಪ 'ನಾನೇ ಹೊಡೆದೆ' ಎಂದು ಮುನಸೀಫರ ಮುಂದೆ ಒಪ್ಪಿಕೊಂಡು, ಈಗ ರಾಯಚೂರು ಜೈಲಿನಲ್ಲಿ ಗಲ್ಲಿಗೆ ಕಾದಿದ್ದ. ಅವನ ಪರವಾಗಿ ನಮ್ಮ ಕೈದಿಗಳ ಸಹಾಯ ಸಂಘ ಹೈದರಾಬಾದಿನ ಹೈಕೋರ್ಟಿಗೆ ಅಪೀಲು ಹಾಕಬೇಕಿತ್ತು. ಗಡುವು ಸೋಮವಾರಕ್ಕೆ ಮುಗಿಯುತ್ತಿತ್ತು. ಇವತ್ತು ಶುಕ್ರವಾರ.

ನಮ್ಮ ಸಂಘದ ವಕೀಲ ಮೆಹಬೂಬ್ ಪಾಷಾ ಸಾಹೇಬರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೆ ಚಹಾ ಬಂದದ್ದು ಬಾಗಿಲ ಪಕ್ಕದ ಗೂಡಿನಲ್ಲಿ ಬೇರೆಯೇ ಇಟ್ಟಿದ್ದ ಗಾಜಿನ ಲೋಟದಲ್ಲಿ. ಕುಡಿದು, ತಾವೇ ತೊಳೆದು, ಅದೇ ಗೂಡಿನಲ್ಲಿ ಇಟ್ಟಿದ್ದರು. ನಾನು ಒಳಗೆ ಹೋಗುವ ಮೊದಲು ಅವರು ನನಗೆ ಕೊಟ್ಟ ಸಲಹೆ ಒಂದೇ: ಏನೂ ಕೇಳಬೇಡ, ಸುಮ್ಮನೆ ಕೂತಿರು, ನೀನು ಸುಮ್ಮನಿದ್ದರೆ ಅವರೇ ಮಾತಾಡುತ್ತಾರೆ. ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನೀಲಗಂಗಮ್ಮ ಮಾತಾಡಿದರು. ಆವತ್ತು ದೀಪ ಹಚ್ಚುವ ಹೊತ್ತಿಗೆ ಹೊಲದಿಂದ ಬಂಡಿ ಬಂತಂತೆ. ಮೊದಲು ನೋಡಿದವರು ಇವರೇ. ಆಮೇಲೆ ಪೊಲೀಸ್ ಠಾಣೆಯ ಅಮೀನರು ಬಂದರು, ಜವಾನರು ಬಂದರು, ಬಂದವರು ಊಟದ ಹೊತ್ತಾದರೂ ಏಳಲಿಲ್ಲ. ಈರಯ್ಯನವರು ಒಳಗೆ ಬಂದು, ಎಲ್ಲರಿಗೂ ಅಡಿಗೆ ಮಾಡು ಎಂದರು. ಅನ್ನ, ಬ್ಯಾಳಿ, ಹೊಲಕ್ಕೆ ಒಯ್ದು ಉಳಿದ ಸಜ್ಜೆ ಕಡಬು. ಈ ಕಥೆಯಲ್ಲಿ ಅವರಿಗೆ ಸಿಟ್ಟು ಇದ್ದದ್ದು ಜವಾನರ ಮೇಲೆ.

"ಹೆಣ ಹಿತ್ತಲಾಗ ಬಿದ್ದದ, ಇವ್ರು ತುಪ್ಪ ಹಾಕ್ರಿ ಅಂತಾರ. ಒಬ್ಬಾವ ಉಪ್ಪಿನಕಾಯಿನೂ ಕೇಳಿದ. ಬಾವಿಂದ ಕೊಡ ಸೇದಿ ಸೇದಿ ನನ್ನ ರಟ್ಟಿ ಬಿದ್ದುಹೋದ್ವು."

ಹೆಣ ಎತ್ತುವ ಮೊದಲೇ ಅದೇ ಬಾವಿಯ ನೀರಿನಲ್ಲಿ ಅನ್ನ ಬೆಂದಿತ್ತು. ಅದನ್ನು ಉಂಡು, ಡೇಗಿ, ಅಮೀನರು ಪಂಚನಾಮೆ ಬರೆಸಿದ್ದರು.

ಮರುದಿನ ಬೆಳಿಗ್ಗೆ ಲಿಂಗಪೂಜೆಗೂ ಅದೇ ನೀರು ಎಂದರು ನೀಲಗಂಗಮ್ಮ. ಸಾವಾಗಲಿ, ಸೂತಕವಾಗಲಿ, ಅವರ ಪೂಜೆ ಒಂದು ದಿನವೂ ತಪ್ಪಿಲ್ಲವಂತೆ. ಬಾವಿಯನ್ನು ಅವರು ಅಷ್ಟು ಮಡಿಯಿಂದ ಕಾಪಾಡಿಕೊಂಡು ಬಂದಿದ್ದರು. ಎಷ್ಟು ಮಡಿ ಎಂಬುದನ್ನು ತಿಳಿಸಲು ಒಂದು ಹಳೆಯ ಕಥೆಯನ್ನೂ ಹೇಳಿದರು.

ಕೆಲವು ಬೇಸಿಗೆಗಳ ಹಿಂದೆ, ಕೇರಿಯ ಹಂಪಯ್ಯನ ಮಗಳೊಬ್ಬಳು, ಸಣ್ಣ ಹುಡುಗಿ, ಬಾಯಾರಿಕೆ ತಾಳಲಾರದೆ ಹಿತ್ತಲ ಗೋಡೆ ಹಾರಿ ಬಂದು ಈ ಬಾವಿಗೆ ತನ್ನ ಮಡಕೆ ಬಿಟ್ಟಿದ್ದಳು. ಮಡಕೆ ಒಡೆದುಹಾಕಿದರು. ಹಂಪಯ್ಯನನ್ನು ಗಿರಣಿಯ ಕೆಲಸದಿಂದ ಬಿಡಿಸಿದರು. ಎತ್ತು ಹೂಡಿ ಬೆಳಗಿನಿಂದ ಸಂಜೆಯವರೆಗೆ ಬಾವಿ ಬರಿದು ಮಾಡಿಸಿದರು. ಮಠದ ಅಯ್ಯನವರು ಬಂದು ಪಾದೋದಕ ಹಾಕಿದ ಮೇಲೆಯೇ ಮನೆಯವರು ಆ ನೀರು ಮುಟ್ಟಿದ್ದು. ಅಲ್ಲಿಯವರೆಗೆ ಪಕ್ಕದ ಮನೆಯಿಂದ ನೀರು ತಂದರಂತೆ. ಸಾರಿಗೆ ಒಗ್ಗರಣೆ ಹಾಕುವುದನ್ನು ಹೇಳುವ ಹಾಗೆ ಇದನ್ನೆಲ್ಲ ಹೇಳಿದರು.

"ಆ ಹುಡುಗಿ ಏನಾದಳು?" ಎಂದೆ.

"ಯಾರಿಗೊತ್ತವ್ವಾ."

ಆಗ ನನಗೆ ಪಾಷಾ ಸಾಹೇಬರ ಸಲಹೆ ಮರೆತುಹೋಯಿತು. "ಎಳ್ಳಮಾಸಿ ಆದಮ್ಯಾಲ ಬಾವಿ ಯಾವಾಗ ಶುದ್ಧ ಮಾಡಿಸಿದ್ರಿ?" ಎಂದು ಕೇಳಿಬಿಟ್ಟೆ.

ನೀಲಗಂಗಮ್ಮ ನಕ್ಕರು. "ಆವಾಗ ಯಾಕ ಮಾಡಸ್ತೀವಿ? ಆವಾಗ ಯಾರು ಮುಟ್ಟ್ಯಾರ?"

ನಾನು ಹಪ್ಪಳಗಳನ್ನೇ ನೋಡುತ್ತ ಕೂತೆ.

ಸುಂಕಪ್ಪನ ಇಕ್ಬಾಲು, ಎಂದರೆ ಅವನ ತಪ್ಪೊಪ್ಪಿಗೆ, ಉರ್ದುವಿನಲ್ಲಿತ್ತು. ಪಾಷಾ ಸಾಹೇಬರು ಕನ್ನಡ ಮಾಡಿ ಓದಿದ್ದನ್ನು ಎಷ್ಟು ಸಲ ಕೇಳಿದ್ದೆನೋ. 'ಹಾರೆಯಿಂದ ಹೊಡೆದೆ. ಬಾವಿಯಿಂದ ನೀರು ಸೇದಿ ಕೈಯನ್ನೂ ಹಾರೆಯನ್ನೂ ತೊಳೆದೆ. ಕೊಡವನ್ನು ಮೊದಲಿದ್ದ ಹಾಗೆ ಕಟ್ಟೆಯ ಮೇಲಿಟ್ಟು, ಗೋಡೆ ಹಾರಿ ಹೋದೆ.' ಓದಿದಾಗಲೆಲ್ಲ ನಮ್ಮ ಕಣ್ಣು ಹಾರೆಯ ಮೇಲೆ, ಗೋಡೆಯ ಮೇಲೆ ಹೋಗುತ್ತಿತ್ತು. ಬಾವಿಯನ್ನು ದಾಟಿ ಹೋಗುತ್ತಿದ್ದೆವು.

ಒಂದು ಮಗುವಿನ ಮಡಕೆ ಇಳಿದದ್ದಕ್ಕೆ ದಿನವಿಡೀ ಬಾವಿ ಬತ್ತಿಸಿದ ಮನೆ ಇದು. ಅಂಥದೇ ಕೇರಿಯವನೊಬ್ಬ ರಕ್ತದ ಕೈಯಲ್ಲಿ ಇಲ್ಲಿಯ ಹಗ್ಗ ಹಿಡಿದ, ಕೊಡ ಎತ್ತಿದ ಎಂದು ಈ ಮನೆಯಲ್ಲಿ ಯಾರಾದರೂ ಒಂದು ಗಳಿಗೆ ನಂಬಿದ್ದರೂ ಆವತ್ತು ಒಲೆ ಹೊತ್ತುತ್ತಿರಲಿಲ್ಲ.

ಮೊದಲು ಸಂತೋಷವಾಯಿತು. ಅದರ ಹಿಂದೆಯೇ ಹೇಸಿಗೆ ಬಂತು. ಸುಂಕಪ್ಪನ ಕೊರಳು ಉಳಿಯಬೇಕಾದರೆ ನಾವು ಹೈಕೋರ್ಟಿನಲ್ಲಿ ಹೇಳಬೇಕಾದದ್ದು ಇದು: ಸ್ವಾಮಿ, ಇವನ ಕೈ ಎಷ್ಟು ಹೊಲಸೆಂದರೆ, ಇವನು ಮುಟ್ಟಿದ್ದರೆ ಇವರು ಕುಡಿಯುತ್ತಲೇ ಇರಲಿಲ್ಲ.

ಹೊರಗೆ ಬಂದಾಗ ಈರಯ್ಯನವರು ಗಿರಣಿಯಿಂದ ಬಂದಿದ್ದರು. ಹುಬ್ಬಿನ ಮೇಲೆ ತೌಡಿನ ಪುಡಿ, ಹಣೆಯ ಮೇಲೆ ವಿಭೂತಿ. ಕಟ್ಟೆಯ ಮೇಲೆ ಓಣಿಯ ವ್ಯಾಪಾರಸ್ಥರೂ ಕಲ್ಲೂರಿನಿಂದ ಭತ್ತ ತಂದ ಗೌಡರೊಬ್ಬರೂ ಕೂತು ನೀರು ಕುಡಿಯುತ್ತಿದ್ದರು.

"ಬರ್ರಿ ಬಾಯಾರ," ಎಂದರು ಈರಯ್ಯನವರು. "ಬಿ.ಎ. ಓದಿದ ಹುಡುಗಿ ಕೈದಿಗಳ ಹಿಂದ ಅಡ್ಡಾಡ್ತಾಳ ಅಂದ್ರ, ಮನ್ಯಾಗ ವರ ನೋಡೋದು ಬಿಟ್ಟಾರೇನ್ರಿ?"

ಕಟ್ಟೆಯವರು ನಕ್ಕರು. ನಾನು ನೆಲ ನೋಡಿದೆ. ಪಾಷಾ ಸಾಹೇಬರ ಪಕ್ಕಕ್ಕೆ ಹೋಗಿ, ಇಕ್ಬಾಲಿನ ಬಾವಿಯ ಮಾತನ್ನು ಇವರಿಗೆ ಓದಿ ಹೇಳಿ ಎಂದು ಮೆಲ್ಲಗೆ ಕೇಳಿಕೊಂಡೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಅವರಿಗೂ ಹೊಳೆಯಿತು. ಚೀಲದಿಂದ ನಕಲು ತೆಗೆದು, ಕನ್ನಡಕ ಏರಿಸಿ, ಅವಸರವಿಲ್ಲದೆ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದರು.

ಈರಯ್ಯನವರು ಅದನ್ನು ಕೇಳಿದ್ದು ಅದೇ ಮೊದಲು. ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷಿಗಳನ್ನು ಹೊರಗೇ ನಿಲ್ಲಿಸಿದ್ದರು. ಇವರು ತಮ್ಮ ಸಾಕ್ಷಿ ಹೇಳಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದುಬಿಟ್ಟಿದ್ದರು.

ಅವರ ಮುಖದಲ್ಲಿ ಬಂದ ಬಣ್ಣವನ್ನು ನಾನು ಮರೆಯಲಾರೆ. ತಮ್ಮ ಗುಮಾಸ್ತನ ತಲೆ ಒಡೆದ ಸಂಗತಿಯನ್ನು ಕೋರ್ಟಿನಲ್ಲಿ ಹೇಳುವಾಗ ಕೂಡ ಆ ಮುಖ ಹಾಗೆ ಆಗಿರಲಿಲ್ಲ.

"ಸುಳ್ಳು," ಎಂದರು. "ನಮ್ಮ ಬಾವಿನ್ನ ಅವ ಮುಟ್ಟಿಲ್ಲ."

"ಮುಟ್ಟೀನಿ ಅಂತ ಅವನs ಒಪ್ಪ್ಯಾನಲ್ರಿ. ಅದರ ಮ್ಯಾಲೇ ಗಲ್ಲು ಆಗ್ಯದ," ಎಂದರು ಪಾಷಾ ಸಾಹೇಬರು.

"ಮುಟ್ಟಿಲ್ಲ ಅಂದೆ."

ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಆದರೂ ಕೇಳಿದೆ. "ಮುಟ್ಟಿಲ್ಲ ಅಂತ ನಿಮಗ ಹ್ಯಾಂಗ ಗೊತ್ತ್ರಿ? ನೀವು ಹೊಲದಾಗ ಇದ್ರಿ."

ಕಲ್ಲೂರಿನ ಗೌಡರು ಕೈಯಲ್ಲಿದ್ದ ಲೋಟವನ್ನು ನೋಡಿದರು. ಈರಯ್ಯನವರನ್ನು ನೋಡಿದರು. ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ತುಟಿ ಒರೆಸಿಕೊಂಡರು.

"ಏನ್ರಿ ಈರಯ್ಯ," ಎಂದರು. "ಎಳ್ಳಮಾಸಿ ಆಗಿ ಯಾವ ಕಾಲಾತು. ನಿಮ್ಮ ಮನ್ಯಾಗ ನಾವು ಉಂಡೀವಿ."

ಈರಯ್ಯನವರಿಗೆ ಎರಡೇ ದಾರಿ ಉಳಿದಿತ್ತು. ಸುಂಕಪ್ಪ ಬಾವಿ ಮುಟ್ಟಿದ್ದು ನಿಜವೆಂದರೆ ಊರಿಗೆ ಊರೇ ಇವರ ಬಾಗಿಲಿಗೆ ಬರುವುದು ಬಿಡುತ್ತಿತ್ತು. ಸುಳ್ಳೆಂದರೆ ಇಕ್ಬಾಲು ಸುಳ್ಳಾಗುತ್ತಿತ್ತು. ಒಂದು ಕಡೆ ಅವರ ಬಾವಿ, ಇನ್ನೊಂದು ಕಡೆ ಸುಂಕಪ್ಪನ ಗಲ್ಲು. ಅವರು ಯೋಚನೆಗೆ ನಿಲ್ಲಲಿಲ್ಲ. ಅಂಗಿಯೊಳಗೆ ಕೈ ಹಾಕಿ ಲಿಂಗದ ಕರಡಿಗೆ ಹಿಡಿದುಕೊಂಡರು.

"ಲಿಂಗದಾಣಿಗೂ ಅವ ನನ್ನ ಬಾವಿ ಮುಟ್ಟಿಲ್ಲ. ಆವತ್ತು ಅವ ಈ ಓಣ್ಯಾಗ ಕಾಲs ಇಟ್ಟಿಲ್ಲ."

ಕಲ್ಲೂರಿನ ಗೌಡರು ಉಸಿರು ಬಿಟ್ಟು ಲೋಟ ಎತ್ತಿಕೊಂಡರು. ಅವರಿಗೆ ಅಷ್ಟು ಸಾಕಾಗಿತ್ತು. ಹಾಗಾದರೆ ಗಡಿಗೆಪ್ಪನನ್ನು ಹೊಡೆದವರು ಯಾರು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಇದೇ ಮಾತನ್ನು ಹೈದರಾಬಾದಿನಲ್ಲಿ ಹೇಳುವಿರಾ ಎಂದು ಪಾಷಾ ಸಾಹೇಬರು ಕೇಳಿದರು. ಈರಯ್ಯನವರು ಹತ್ತಿರ ಬಂದು ದನಿ ತಗ್ಗಿಸಿದರು.

"ಅದನ್ನ ಬರದಾವಗ ಬುದ್ಧಿ ಇಲ್ಲ. ನಮ್ಮಂಥ ಮನಿ ಒಳಗ ಹ್ಯಾಂಗ ಇರತದ ಅಂಬೋದು ತಿಳೀದಾವ. ಮದ್ಲು ನನಗ ಒಂದ್ಸಲ ತೋರ್ಸಿದ್ರ ಆ ಬಾವಿ ಮಾತು ತೆಗಸ್ತಿದ್ದೆ."

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾವು ರಾಯಚೂರಿಗೆ ಮರಳುತ್ತಿದ್ದ, ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಬಸ್ಸು ಕಲ್ಲೂರಿನ ಹತ್ತಿರ ನಿಂತಿತು. ಕ್ಲೀನರ್ ಹಿಂದಿನ ಒಲೆ ಕೆದಕುತ್ತಿದ್ದ. ನಾವಿಬ್ಬರೂ ಇಳಿದು ಬೇವಿನ ಮರದ ಕೆಳಗೆ ನಿಂತೆವು.

ಈ ವಾದವನ್ನು ಬರೆಯಲು ನನಗೆ ಅಸಹ್ಯವಾಗುತ್ತದೆ ಎಂದೆ.

"ಇಕ್ಕಳದಾಗ ಹಿಡದು ಬರಿ, ಬೇಟಿ," ಎಂದರು ಪಾಷಾ ಸಾಹೇಬರು. "ಆದ್ರ ಬರಿ."

ಆಮೇಲೆ ಅವರು ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುತ್ತ ಹೋದರು. ಈರಯ್ಯನಿಗೆ ಸಂಚು ಗೊತ್ತಿತ್ತು, ಆದರೆ ಇಕ್ಬಾಲಿನ ಮಾತು ಅವನವಲ್ಲ. ಕಾಗದದ ಮೇಲೆ ಕೂಡ ಅವನು ಸುಂಕಪ್ಪನ ಕೈಯನ್ನು ತನ್ನ ಬಾವಿಗೆ ಇಳಿಸುತ್ತಿರಲಿಲ್ಲ. ಸುಂಕಪ್ಪನಂತೂ ಹುಟ್ಟಿದಾಗಿನಿಂದ ಯಾವ ಬಾವಿ ಯಾರದೆಂದು ತಿಳಿದವನು. ಅಮೀನ? ಲಾಕಪ್ಪಿನಲ್ಲಿ ನೀರು ಕೊಡುವ ಮೊದಲು ಜಾತಿ ಕೇಳಿ, ಕೆಲವರಿಗೆ ಮೇಲಿನಿಂದ ಹೊಯ್ಯಿಸುವವನು ಅವನು. ಅವನ ಕಣ್ಣಿಗೂ ಇದು ತಪ್ಪುತ್ತಿರಲಿಲ್ಲ.

"ಹಂಗಾದರೆ ಯಾರು?"

"ಬಾವಿ ಅಂದ್ರ ಬಾವಿ, ಅಷ್ಟs ಅಂತ ತಿಳಕೊಂಡಾವ. ಯಾರು ಬೇಕಾದ್ರೂ ಸೇದಬೌದು ಅಂತ ದಿನಾ ನೋಡಿ ರೂಢಿ ಆದಾವ." ಅವರು ಕನ್ನಡಕ ತೆಗೆದು ಒರೆಸಿದರು. "ಒಳ್ಳೆ ಮನುಷ್ಯಾ ಇರಬೇಕು, ಬೇಟಿ."

ತಮಾಷೆಗೆ ಅಂದ ಮಾತು. ಆದರೆ ಅವರು ನಗಲಿಲ್ಲ.

ಇಕ್ಬಾಲಿಗೆ ಮೊದಲು ಲಾಕಪ್ಪಿನಲ್ಲಿ ಸುಂಕಪ್ಪನನ್ನು ಯಾರು ಯಾರು ಕಂಡಿದ್ದರು ಎಂದು ಕೇಳಿದೆ. ಅಮೀನ, ಎಂದರು. ಕನ್ನಡಕ ಹಾಕಿಕೊಂಡು, ನಮ್ಮ ರಾಯರು, ಎಂದರು.

ಅದು ನಮ್ಮ ಸಂಘದ ಪದ್ಧತಿ. ಯಾವ ಬಡವನನ್ನು ಎಲ್ಲಿ ಹಿಡಿದರೂ, ಸಂಘ ಕಟ್ಟಿದ ವಕೀಲ ವೆಂಕೋಬರಾಯರು ಮೊದಲು ತಾವೇ ಹೋಗಿ, ಒಬ್ಬರೇ ಕೂತು ಅವನ ಮಾತು ಕೇಳುತ್ತಿದ್ದರು. ಆ ಪದ್ಧತಿಯ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ನಾನು ಈ ಕೆಲಸಕ್ಕೆ ಸೇರಿದ್ದೇ ಅದನ್ನು ಕೇಳಿ.



ಶನಿವಾರ ಬೆಳಿಗ್ಗೆ ಜೈಲಿಗೆ ಹೋದೆ. ಮುಲಾಖಾತಿನ ಕೋಣೆಯಲ್ಲಿ ಜಾಳಿಗೆಯ ಆಚೆ ಸುಂಕಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ನನ್ನನ್ನು ನೋಡಿದ ಕೂಡಲೇ ಎಂದಿನಂತೆ ಅದೇ ಕೇಳಿದ.

"ಮಾನಿ ಹೆಂಗದಾಳ್ರಿ ಬಾಯಾರ? ಉಣ್ತಾಳೇನ್ರಿ?"

ಮಾನಮ್ಮ ಅವನ ಹೆಂಡತಿ. ಅವಳನ್ನು ಹುಡುಕಿಕೊಂಡು ನಾನು ಹೋದ ವಾರ ದೇವದುರ್ಗದ ಆಚೆ ಅವರ ಊರು ಅರಕೇರಾದವರೆಗೂ ಹೋಗಿದ್ದೆ. ಗುಡಿಸಲ ಬಾಗಿಲಿಗೆ ಮುಳ್ಳು ಬಡಿದಿತ್ತು. ಗುಳೆ ಹೋಗಿರಬೇಕು ಎಂದಿದ್ದರು ಕೇರಿಯವರು. ಅದನ್ನು ಇವನಿಗೆ ಹೇಳುವ ಧೈರ್ಯವಾಗದೆ, ಈರಯ್ಯನವರ ಬಾವಿಯನ್ನು ನೀನು ಮುಟ್ಟಿದೆಯಾ ಎಂದು ಕೇಳಿದೆ. ಇಕ್ಬಾಲಿನಲ್ಲಿ ಹಾಗೆ ಬರೆದಿದೆ ಎಂದೂ ಹೇಳಿದೆ.

ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

"ಗಡಿಗೆಪ್ಪನ್ನ ಕೊಂದೆ ಅಂದ್ರ ನಾ ಒಬ್ಬಾವ ಸಾಯ್ತೀನ್ರಿ. ಆ ಬಾವಿ ಮುಟ್ಟಿದೆ ಅಂದ್ರ ನಮ್ಮ ಕೇರಿನs ಸುಡ್ತಾರ. ಹಂಗ ಅಂತ ಯಾರು ಬರದ್ರು?"

"ನೀನು ಹೇಳಿದ್ದಲ್ಲವೇ?"

"ಅವ್ರು ಉರ್ದುದಾಗ ಓದಿದ್ರು. ನಾ ಹೂಂ ಅಂದೆ."

"ಯಾಕೆ ಹೂಂ ಅಂದಿ?"

ಅವನು ಜಾಳಿಗೆಗೆ ಹಣೆ ಹಚ್ಚಿದ. "ನಾ ಬಾಯಿ ಮುಚಗೊಂಡಿದ್ರ ಮಾನಿ ಉಣ್ತಾಳ್ರಿ," ಎಂದ. "ನೀವು ಇದನ್ನ ಇಲ್ಲಿಗೇ ಬಿಡ್ರಿ."

ಹಾಗೆಂದು ನಿನಗೆ ಹೇಳಿದವರು ಯಾರು ಎಂದೆ. ಎಷ್ಟು ರೀತಿಯಲ್ಲಿ ಕೇಳಿದರೂ, ಇಲ್ಲಿಗೇ ಬಿಡ್ರಿ, ಎಂದ. ಜವಾನ ಹೊತ್ತಾಯಿತೆಂದು ಅವನನ್ನು ಎಬ್ಬಿಸಿಕೊಂಡು ಹೋದ.

ಸಂಘದ ಕೋಣೆ ಸ್ಟೇಷನ್ ರಸ್ತೆಯಲ್ಲಿತ್ತು. ಅಲ್ಲಿ ಕೂತು, ನೀಲಗಂಗಮ್ಮನ ಮಾತು, ಈರಯ್ಯನವರ ಆಣೆ, ಆ ಆಣೆ ಕೇಳಿದವರ ಹೆಸರು, ಎಲ್ಲವನ್ನೂ ಅಪೀಲಿಗಾಗಿ ಬರೆದೆ. ನೀರು, ಮೈಲಿಗೆ, ಶುದ್ಧಿ ಎಂಬ ಮಾತುಗಳನ್ನು ಬರೆಯುವಾಗ ಪಾಷಾ ಸಾಹೇಬರು ಹೇಳಿದ ಇಕ್ಕಳ ನನ್ನ ಕೈಗೆ ಸಿಗಲಿಲ್ಲ. ಬರೆದು ಮುಗಿಸಿ ಎರಡು ಸಲ ಕೈ ತೊಳೆದುಕೊಂಡೆ.

ಹೈಕೋರ್ಟಿನಲ್ಲಿ ವಾದಿಸುವ ಸನದು ಇದ್ದದ್ದು ರಾಯರೊಬ್ಬರಿಗೇ. ಅವರ ರುಜು ಇಲ್ಲದೆ ಅಪೀಲು ಇಲ್ಲ, ಅವರು ಹೋಗದೆ ವಾದವಿಲ್ಲ. ಒಬ್ಬ ಒಳ್ಳೆಯ ಮನುಷ್ಯನ ಬಗ್ಗೆ ಬಸ್ಸಿನ ಹೊಗೆಯಲ್ಲಿ ಹುಟ್ಟಿದ ಒಂದು ಅನುಮಾನಕ್ಕಾಗಿ ಸುಂಕಪ್ಪನ ಸೋಮವಾರವನ್ನು ಕಳೆಯುವುದೇ? ಹಾಗೆ ನನಗೆ ನಾನೇ ಹೇಳಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ರಾಯರ ಮನೆಗೆ ಹೋದೆ. ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಪಡಸಾಲೆಯಲ್ಲಿ ಚರಕ, ಚಾಪೆ, ಗೋಡೆಯ ತುಂಬ ಕಾನೂನಿನ ಪುಸ್ತಕ. ರಾಯರು ಸ್ನಾನದಲ್ಲಿದ್ದಾರೆಂದು ಒಳಗಿನಿಂದ ಯಾರೋ ಹೇಳಿದರು. ಕಾಯುತ್ತ ಕೂತೆ. ಹಿತ್ತಲ ಕಡೆಯಿಂದ ರಾಟೆಯ ಸದ್ದು ಬರುತ್ತಿತ್ತು. ರಾಯರ ಮನೆಯ ಬಾವಿಯನ್ನು ಯಾರು ಬೇಕಾದರೂ ಸೇದಬಹುದೆಂಬುದು ರಾಯಚೂರಿಗೆಲ್ಲ ಗೊತ್ತು. ನನ್ನ ಕಾಲು ತಾನಾಗಿ ಅತ್ತ ಹೋಯಿತು.

ಬಾವಿಯ ಹತ್ತಿರ ಒಬ್ಬ ಹೆಂಗಸು ಹಗ್ಗ ಎಳೆಯುತ್ತಿದ್ದಳು. ಹೊಸ ಖಾದಿ ಸೀರೆ, ಬರಿಗಾಲು. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು.

"ನೀರು ಕುಡೀತೀರೇನ್ರಿ ಅಕ್ಕಾರ? ಬಿಸಲಾಗ ಬಂದೀರಿ."

ಯಾವ ಊರು ಎಂದೆ. ಅರಕೇರಾ ಎಂದಳು. ಹೆಸರು ಕೇಳಿದೆ.

"ಮಾನಮ್ಮರಿ."

ಅವಳು ತಾನಾಗಿ ಹೇಳುತ್ತ ಹೋದಳು. ಗಂಡ ಜೈಲಿನಲ್ಲಿದ್ದಾನೆ, ರಾಯರು ದೇವರಂಥವರು, ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಿಲ್ಲ, ಹೊರಗೆ ಮಾತ್ರ ಹೋಗಬೇಡ ಎಂದಿದ್ದಾರೆ. ಗಂಡನನ್ನು ಹಿಡಿದ ಮೇಲೆ ರಾಯರು ನಿನ್ನನ್ನು ಕರೆತಂದರೇ ಎಂದು ಕೇಳಿದೆ. ಹೌದು ಎಂದುಬಿಡಲಿ ಎಂದು ಬೇಡಿಕೊಳ್ಳುತ್ತಲೇ ಕೇಳಿದೆ.

"ಇಲ್ರಿ, ಮದ್ಲs ಬಂದೀನಿ," ಎಂದಳು ಮಾನಮ್ಮ. "ಎಳ್ಳಮಾಸಿ ಹಿಂದಿನ ದಿನ ಬಂಡಿ ಕಳಸಿದ್ರು. ಕಡಬು ಮಾಡಾಕ ಹಿಟ್ಟು ಬೀಸಾಕತ್ತಿದ್ದೆ. ನಿನ್ನ ಗಂಡಗ ಒಂದು ತ್ರಾಸು ಬರೋದದ, ನೀ ನಮ್ಮ ಮನ್ಯಾಗ ಇರು ಅಂದ್ರು. ಹಿಟ್ಟು ಹಂಗs ಬಿಟ್ಟು ಬಂದೆ."

ಗಡಿಗೆಪ್ಪ ಆಗಿನ್ನೂ ಬದುಕಿದ್ದ.

"ಒಳಗ ನಡಿಯವಾ ಮಾನಮ್ಮ." ದನಿ ನನ್ನ ಬೆನ್ನ ಹಿಂದಿನಿಂದ ಬಂತು, ಯಾವಾಗಲೂ ಇರುವಷ್ಟೇ ಮೆತ್ತಗೆ. ವೆಂಕೋಬರಾಯರು ಒದ್ದೆ ತಲೆಯನ್ನು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಮಾನಮ್ಮ ಕೊಡ ಎತ್ತಿಕೊಂಡು ಒಳಗೆ ಹೋದಳು. ರಾಯರು ನನ್ನ ಕೈಯಲ್ಲಿದ್ದ ಕಾಗದಗಳನ್ನು ನೋಡಿದರು.

"ಮಾನ್ವಿಯೊಳಗ ಛಲೋ ಕೆಲಸ ಮಾಡಿ ಬಂದೀಯಂತ, ಕನಕಾ. ಈರಯ್ಯ ಬೆಳಿಗ್ಗೆನs ಬಂದು ಎಲ್ಲಾ ಹೇಳಿ ಹೋದ." ಅವರು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಕೈ ಚಾಚಿದರು. "ಕೊಡು. ಹೈದರಾಬಾದಿಗೆ ನಾನೇ ಒಯ್ತೀನಿ."

ಒಳಗೆಲ್ಲೋ ಮಾನಮ್ಮನ ಹಿಂದೆ ಒಂದು ಚಿಲಕ ಬಿತ್ತು. ಆಮೇಲೆ ಪಡಸಾಲೆಯ ಕಡೆ, ನಾನು ತೆರೆದೇ ಬಿಟ್ಟು ಬಂದಿದ್ದ ಬೀದಿಬಾಗಿಲಿಗೂ ಯಾರೋ ಚಿಲಕ ಹಾಕಿದರು.